ಎಲ್ಲೆಗಲ್ಲಿನ ಸಾಕ್ಷಿ

ವಾಚಕ ಮಹನೀಯರೇ, ತಮ್ಮ ಮನೆಯ ಪೆಟ್ಟಿಗೆಯಲ್ಲಿ ಹಿರಿಯರ ಕಾಲದ ಜಮೀನಿನ ಕ್ರಯಪತ್ರವಿದ್ದರೆ ದಯಮಾಡಿ ಒಮ್ಮೆ ಹೊರತೆಗೆದು ನೋಡಿರಿ. ಅದರಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಪದಗಳ ಸಾಲೊಂದು ಬಹುಶಃ ಕಾಣಸಿಗುವುದು. ಅದರ ಕೆಳಗೆ ಷೆಡ್ಯೂಲಿನಲ್ಲಿ ಸರ್ವೆ ನಂಬರು, ಎಕರೆ-ಗುಂಟೆ ಮತ್ತು ನಾಲ್ಕು ದಿಕ್ಕಿನ ಚಕ್ಕುಬಂದಿ ಇರುವುವು. ಆ ಎಂಟು ಪದಗಳು ವಿಜಯನಗರ ಕಾಲದ ದಾನಶಾಸನಗಳಲ್ಲಿ ಬರುವ ‘ಅಷ್ಟಭೋಗ ತೇಜಸ್ವಾಮ್ಯ’ದ ಪದಗಳೇ ಆಗಿವೆ. ಸರ್ವೆ ನಂಬರಾದರೋ 19ನೆಯ ಶತಮಾನದ ಕೊಡುಗೆ. ಹೀಗೆ ಎರಡು ಕಾಲದ ಭೂಲೆಕ್ಕಗಳು ಒಂದೇ ಕಾಗದದಲ್ಲಿ ಕೂಡಿವೆ. ಇವು ಹೇಗೆ ಕೂಡಿದವು, ಒಂದನ್ನು ಮರೆತು ಇನ್ನೊಂದನ್ನೇ ನಂಬಿದರೆ ಆಗುವ ಹಾನಿಯೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಭೂಮಿಯನ್ನು ಕೊಡುವಾಗಲೂ ಕೊಳ್ಳುವಾಗಲೂ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು: ಭೂಮಿ ಎಷ್ಟು? ಅದು ಯಾವುದು? ನಮ್ಮ ಶಾಸನಕಾರರು ಇವೆರಡನ್ನೂ ಚೆನ್ನಾಗಿ ಬಲ್ಲವರಾಗಿದ್ದರು. ಎಷ್ಟೆಂಬುದಕ್ಕೆ ಮತ್ತರು, ಕಮ್ಮ ಮೊದಲಾದ ಪ್ರಮಾಣಗಳಿದ್ದವು. ಅಳೆಯುವ ಕೋಲನ್ನು ಗಳೆಯೆಂದು ಕರೆಯುತ್ತಿದ್ದರು. ಅದರ ಉದ್ದವು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿದ್ದುದರಿಂದ ಯಾವ ಗಳೆಯಿಂದ ಅಳೆದದ್ದೆಂದು ಹೆಸರಿಸುವುದು ಅಗತ್ಯವಾಗಿತ್ತು. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವು ಇಂದಿಗೂ ಇದೆ; ಆ ಸೀಮೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ಯ ಹೆಸರು ಬರುತ್ತದೆ.

ಯಾವುದೆಂಬ ಪ್ರಶ್ನೆಗೆ ಮೂಡಣ, ತೆಂಕಣ, ಪಡುವಣ, ಬಡಗಣ ದಿಕ್ಕುಗಳನ್ನು ಹಿಡಿದು ಹುತ್ತ, ಹಳ್ಳ, ಕೆರೆಯ ಕೋಡಿ, ಹಾಸುಬಂಡೆ, ಆಲದ ಮರ ಇವುಗಳನ್ನು ಎಲ್ಲೆಯಾಗಿ ಹೇಳುತ್ತಿದ್ದರು. ಶಿವಾಲಯಕ್ಕೆ ಬಿಟ್ಟ ಭೂಮಿಗೆ ಲಿಂಗಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು ನೆಡುವ ಪದ್ಧತಿಯೂ ಇತ್ತು. ಅಕ್ಷರ ಬಾರದ ಒಕ್ಕಲಿಗನಿಗೂ ಆ ಕಲ್ಲು ತನ್ನ ಮಾತನ್ನು ತಿಳಿಸುತ್ತಿತ್ತು.

ಈ ಪದ್ಧತಿಯ ಕೊರತೆಯನ್ನೂ ಹೇಳಬೇಕು. ಮರ ಒಣಗುವುದು, ಹುತ್ತ ಕರಗುವುದು, ಹಳ್ಳ ದಾರಿ ಬದಲಿಸುವುದು. ವಿಸ್ತೀರ್ಣದ ಲೆಕ್ಕವೂ ಎಲ್ಲೆಡೆ ಒಂದೇ ಆಗಿರಲಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಬಿತ್ತುವ ಬೀಜದ ಮೇಲೆ ಖಂಡುಗ, ಕೊಳಗದ ಭೂಮಿ ಎನ್ನುತ್ತಿದ್ದರು. ಉತ್ತರದ ಎರೆಭೂಮಿಯಲ್ಲಿ ಕೂರಿಗೆಯ ಲೆಕ್ಕವಿತ್ತು. ಇದು ಬೇಸಾಯಗಾರನಿಗೆ ಸಾಕಾಗುವ ಅಳತೆ. ಕಂದಾಯ ಕಟ್ಟುವ ಸರಕಾರಕ್ಕೆ ಸಾಲದಾಯಿತು.

ಆಗ ಬಂದುದು ಸರಪಳಿ. ಮುಂಬಯಿ ಸರಕಾರದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1836ರ ಸುಮಾರಿಗೆ ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿ ರೂಪಿಸಿದ ಮೋಜಣಿ ಪದ್ಧತಿಯು ಮುಂದಿನ ದಶಕದಲ್ಲಿ ಧಾರವಾಡ, ಬೆಳಗಾವಿಯ ಕಡೆಗೂ ಬಂದಿತು. 1847ರ ಜಂಟಿ ವರದಿಯಲ್ಲಿ ಅದರ ನಿಯಮಗಳು ಸ್ಥಿರಗೊಂಡವು. ಇದೇ ಪದ್ಧತಿಯನ್ನು ಅನುಸರಿಸಿ ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಮೋಜಣಿ ಆರಂಭವಾಯಿತು. ಅಳತೆಯ ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಆಣೆಗಳು. 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1,089 ಚದರ ಅಡಿ, ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಮದ್ರಾಸಿನ ಆಡಳಿತದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಎಕರೆಗೆ 100 ಸೆಂಟ್ಸಿನ ಲೆಕ್ಕ ರೂಢಿಗೆ ಬಂದಿತು.

ಸೊಟ್ಟಂಬಟ್ಟ ಹೊಲವನ್ನು ಅಳೆಯುವ ಉಪಾಯ ಸರಳವಾದುದು. ಹೊಲದ ಉದ್ದಕ್ಕೆ ಒಂದು ನೇರಗೆರೆಯನ್ನು ಹಿಡಿದು, ಅದರಿಂದ ಪ್ರತಿಯೊಂದು ಮೂಲೆಗೂ ಲಂಬವಾಗಿ ಅಳೆದರೆ ಹೊಲವು ಹಲವು ತ್ರಿಕೋನ, ಚತುಷ್ಕೋನಗಳಾಗಿ ಒಡೆಯುವುದು. ಅವುಗಳ ಕ್ಷೇತ್ರಫಲ ಕೂಡಿಸಿದರೆ ಹೊಲದ ವಿಸ್ತೀರ್ಣ ದೊರೆಯುವುದು. ಈ ಗೆರೆಗಳೂ ಅಳತೆಗಳೂ ಟಿಪ್ಪಣಿಯಲ್ಲಿ ಉಳಿದವು. ವಿಸ್ತೀರ್ಣವೂ ಕಂದಾಯವೂ ಆಕಾರಬಂದಿನಲ್ಲಿ ಸೇರಿದವು. ಮೂಲೆಗಳಲ್ಲಿ ಬಾಂದುಕಲ್ಲುಗಳು ನಿಂತವು. ಕಲ್ಲು ಕಳೆದುಹೋದರೂ ಟಿಪ್ಪಣಿಯ ಆಧಾರದಿಂದ ಅದರ ಸ್ಥಾನವನ್ನು ಮರಳಿ ಗುರುತಿಸಬಹುದು. ಇಂದು ಹದ್ದುಬಸ್ತು ಮಾಡುವ ಭೂಮಾಪಕರು ಮಾಡುವುದೂ ಇದನ್ನೇ. ಹಳೆಯ ಶಾಸನಕ್ಕೆ ಇಲ್ಲದ ಬಲವಿದು.

ಆದರೆ ಸಂಖ್ಯೆ ಬಂದಿತೆಂದು ಎಲ್ಲೆಯ ಮಾತು ಹಿಂದೆ ಸರಿಯಲಿಲ್ಲ. 1908ರ ನೋಂದಣಿ ಕಾಯಿದೆಯು ಸ್ಥಿರಾಸ್ತಿಯ ಪತ್ರದಲ್ಲಿ ಆಸ್ತಿಯನ್ನು ಗುರುತಿಸಲು ಸಾಕಾಗುವಷ್ಟು ವರ್ಣನೆ ಇರಬೇಕೆಂದು ವಿಧಿಸಿತು: ವಿಸ್ತೀರ್ಣ ಬೇಕು, ಹೊಂದಿಕೊಂಡಿರುವ ರಸ್ತೆ ಮತ್ತು ಆಸ್ತಿಗಳ ವಿವರ ಬೇಕು, ಸಾಧ್ಯವಾದಲ್ಲಿ ಸರಕಾರದ ನಕ್ಷೆ ಅಥವಾ ಮೋಜಣಿಯ ಉಲ್ಲೇಖವೂ ಬೇಕು. ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ವಿರೋಧ ಬಂದಾಗ, ಎಲ್ಲೆಗಳು ಸ್ಪಷ್ಟವಾಗಿದ್ದರೆ, ಎಲ್ಲೆಗಳನ್ನೇ ಎತ್ತಿಹಿಡಿಯುವುದು ನಮ್ಮ ನ್ಯಾಯಾಲಯಗಳ ಸಾಮಾನ್ಯ ರೂಢಿಯಾಗಿದೆ. ಹುತ್ತವನ್ನೂ ಹಳ್ಳವನ್ನೂ ಹೆಸರಿಸಿದ ಶಾಸನಕಾರನ ವಿವೇಕವು ಹೀಗೆ ಇಂದಿಗೂ ಜೀವಂತವಾಗಿದೆ.

ಹಾಗಾದರೆ ಬದುವಿನ ವ್ಯಾಜ್ಯಗಳು ಏಕೆ ನಿಲ್ಲಲಿಲ್ಲ? ಅಣ್ಣತಮ್ಮಂದಿರು ಹೊಲವನ್ನು ಬಾಯಿಮಾತಿನಲ್ಲಿ ಹಂಚಿಕೊಳ್ಳುವರು, ಬದು ಹಾಕುವರು, ಪೋಡಿ ಮಾಡಿಸುವುದಿಲ್ಲ. ಪಹಣಿಯಲ್ಲಿ ಒಂದೇ ನಂಬರಿನ ಕೆಳಗೆ ಹಲವು ಹೆಸರುಗಳು ಉಳಿಯುವುವು. ಪತ್ರದಲ್ಲಿ ‘ಮೂಡಲಿಗೆ ತಮ್ಮನ ಹೊಲ’ ಎಂದು ಬರೆದಿರುವುದು. ತಮ್ಮನು ಮಾರಿ ಹೋದ ಮೇಲೆ, ಅವನ ಹೆಸರನ್ನು ಬಲ್ಲವರು ತೀರಿದ ಮೇಲೆ, ಆ ಮಾತು ಯಾರಿಗೂ ದಾರಿ ತೋರದು. ಪತ್ರ ಬರೆಯುವವರು ಹೊಸ ಎಲ್ಲೆಯನ್ನು ನೋಡದೆ ಹಳೆಯ ಚಕ್ಕುಬಂದಿಯನ್ನೇ ನಕಲು ಮಾಡುವರು. ಒಂದು ಮೊಳ ಬದುವಿಗಾಗಿ ಒಂದೇ ತಾಯಿಯ ಮಕ್ಕಳು ಕಚೇರಿಯ ಕಟ್ಟೆ ಹತ್ತುವುದು ಹೀಗೆಯೇ.

ಇದನ್ನು ತಡೆಯಲು ಸಾಧನಗಳು ಬಂದಿವೆ. 2000ದಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಕೃಷಿಭೂಮಿಯ ಸರ್ವೆ ನಂಬರಿನ ಒಂದು ಭಾಗವನ್ನು ಮಾರುವಾಗ ‘11ಇ’ ನಕ್ಷೆ ಬೇಕೆಂಬ ನಿಯಮವಾಯಿತು. 2020ರಲ್ಲಿ ಆರಂಭವಾದ ‘ಸ್ವಾಮಿತ್ವ’ ಯೋಜನೆಯಲ್ಲಿ ಊರೊಳಗಿನ ಮನೆ-ಹಿತ್ತಿಲುಗಳನ್ನು ಡ್ರೋನ್ ಹಾರಿಸಿ ಅಳೆಯಲಾಗುತ್ತಿದೆ. ಆದರೂ ಪಹಣಿಯ ನಮೂದು ತಪ್ಪೆಂದು ಸಿದ್ಧವಾಗುವವರೆಗೆ ಮಾತ್ರ ಸರಿಯೆಂದು ಭಾವಿಸತಕ್ಕದ್ದು ಎಂಬುದೇ ಕಾನೂನು. ಯಂತ್ರವು ಎಲ್ಲೆಯನ್ನು ತೋರಿಸಬಲ್ಲದು; ಅದನ್ನು ಒಪ್ಪಿ ನಡೆಯಬೇಕಾದವರು ನೆರೆಹೊರೆಯವರೇ.

ಆದುದರಿಂದ ವಾಚಕರೇ, ಮನೆಯಲ್ಲಿ ಹಿರಿಯರು ಇರುವಾಗಲೇ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೊಲದ ನಾಲ್ಕೂ ಎಲ್ಲೆಗಳನ್ನು ಸುತ್ತಿ ಬನ್ನಿರಿ. ಪತ್ರದ ಚಕ್ಕುಬಂದಿಯನ್ನು ನೆಲದೊಡನೆ ತಾಳೆ ನೋಡಿರಿ. ಪಾಲಾಗಿದ್ದರೆ ಪೋಡಿ ಮಾಡಿಸಿರಿ. ಬಾಂದುಕಲ್ಲು ವಾಲಿದ್ದರೆ ನೆರೆಹೊಲದವರನ್ನು ಕರೆದು, ಅವರ ಕಣ್ಣೆದುರಿಗೆ ಹದ್ದುಬಸ್ತು ಮಾಡಿಸಿ ನೆಟ್ಟಗೆ ನಿಲ್ಲಿಸಿರಿ. ಆ ಕಲ್ಲು ತಮ್ಮ ಭೂಮಿಯನ್ನು ಕಾಯುವಂತೆಯೇ ನೆರೆಯವನ ಭೂಮಿಯನ್ನೂ ಕಾಯುತ್ತದೆ.