ನಾಲ್ಕು ಜಾರ್ಜ್‌ಗಳ ಮನೆಯೂ, ನಮ್ಮ ತೊಟ್ಟಿ ಮನೆಯೂ

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನ ಆಗಿತ್ತು. ಆಫೀಸಿನ ರಿಲೀಸು, ಅದು ಮುಗಿದ ಮೇಲೆ ಊರಿನ ರಗಳೆ. ಹೊಳೆನರಸೀಪುರದ ಹತ್ತಿರದ ನಮ್ಮ ಊರಿನ ಹಳೇ ಮನೆ ಕೆಡವಬೇಕು ಅಂತ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರೂ ತೀರ್ಮಾನ ಮಾಡಿಬಿಟ್ಟಿದ್ದಾರೆ. "ನೀನೂ ಒಂದು ಮಾತು ಹೇಳಪ್ಪ, ಇಂಜಿನಿಯರ್ರು" ಅಂದರು. ನಾನು ಕಂಪ್ಯೂಟರ್ ಇಂಜಿನಿಯರ್ರು ಅಂತ ಎಷ್ಟು ಸಲ ಹೇಳಿದರೂ ಅಷ್ಟೇ :)

ಆ ಮಾತು ತಲೆಯಲ್ಲಿ ಇಟ್ಟುಕೊಂಡೇ ಬೆಳಗಿನ ರೈಲು ಹತ್ತಿ ಮೈಸೂರಿಗೆ ಹೋಗಿದ್ದೆ. ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ದೊಡ್ಡ ಕಾಂಪೌಂಡಿನ ಒಳಗೆ ಗವರ್ನಮೆಂಟ್ ಹೌಸ್ ಇದೆ. ಅರಮನೆ ನೋಡೋಕೆ ಬರುವ ಜನ ಇದರ ಮುಂದೆಯೇ ಹಾದು ಹೋದರೂ ತಿರುಗಿ ನೋಡೋದು ಕಡಿಮೆ. ಆದರೆ ವಯಸ್ಸಿನಲ್ಲಿ ಇದು ಅರಮನೆಗಿಂತ ನೂರು ವರ್ಷ ದೊಡ್ಡದು. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಈಗಿನದು ಮುಗಿದದ್ದು 1912ರಲ್ಲಿ. ಈ ಮನೆ ಕಟ್ಟಿದ್ದು 1805ರಲ್ಲಿ.

1799ರಲ್ಲಿ ಟಿಪ್ಪು ಸತ್ತ ಮೇಲೆ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂತು. ಪಟ್ಟಕ್ಕೆ ಕೂತ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಐದು ವರ್ಷ. ಪಕ್ಕದಲ್ಲೇ ಕೂತು ಎಲ್ಲದರ ಮೇಲೆ ಕಣ್ಣಿಡೋಕೆ ಕಂಪನಿಯ ರೆಸಿಡೆಂಟ್ ಒಬ್ಬ ಬೇಕಲ್ಲ, ಅವನಿಗೊಂದು ಮನೆ ಬೇಕಲ್ಲ. ಕಟ್ಟಿಸಿದವನು ಮಾರ್ಕ್ ವಿಲ್ಕ್ಸ್. ಮೈಸೂರಿನ ಇತಿಹಾಸ ಬರೆದವನು ಇವನೇ. ಇದೇ ಮನುಷ್ಯ ಮುಂದೆ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆಗಿದ್ದಾಗ, 1815ರಲ್ಲಿ, ಸೋತ ನೆಪೋಲಿಯನ್ನನ್ನು ಹಡಗಿನಲ್ಲಿ ತಂದು ಇಳಿಸಿದರು. ಟಿಪ್ಪುವಿನ ರಾಜ್ಯ ನೋಡಿಕೊಂಡವನ ಕೈಗೇ ಟಿಪ್ಪುವಿಗೆ ಕಾಗದ ಬರೆದಿದ್ದ ಫ್ರಾನ್ಸಿನ ದೊರೆ ಬಂದು ಸಿಕ್ಕಿದ್ದು ನೋಡಿ!

ಇಂಗ್ಲೆಂಡಿನಲ್ಲಿ 1714ರಿಂದ 1830ರವರೆಗೆ ಸಾಲಾಗಿ ನಾಲ್ಕು ಜನ ಜಾರ್ಜ್‌ಗಳು ಆಳಿದರು. ಆ ಕಾಲದ ಮನೆಗಳಿಗೆ ಜಾರ್ಜಿಯನ್ ಅಂತ ಹೆಸರು. ಲಂಡನ್ನಿನಲ್ಲಿ, ಬಾತ್ ಊರಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಸಾಲು ಸಾಲಾಗಿ ನಿಂತಿವೆ. ಮುಖದ ನಡುವೆ ಒಂದು ಗೆರೆ ಎಳೆದರೆ ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಕಿಟಕಿ ಅಗಲಕ್ಕಿಂತ ಎತ್ತರ ಜಾಸ್ತಿ. ಅಲಂಕಾರ ಕಡಿಮೆ, ಅಳತೆಯೇ ಅಲಂಕಾರ. ಅದೇ ಶೈಲಿ ನಮ್ಮ ಬಿಸಿಲಿಗೆ ಬಂದಾಗ ಮೈ ಸ್ವಲ್ಪ ಸಡಿಲ ಮಾಡಿಕೊಂಡಿತು. ಸಾಲುಮನೆ ಹೋಗಿ ತೋಟದ ನಡುವಿನ ಮನೆಯಾಯ್ತು, ಸೂರು ಮೇಲಕ್ಕೆ ಹೋಯ್ತು, ಕಂಬಗಳ ವರಾಂಡ ಬಂತು. ಗವರ್ನಮೆಂಟ್ ಹೌಸಿನ ಮುಂಭಾಗ ಗ್ರೀಕರ ಡೋರಿಕ್ ರೀತಿಯದು. ದಪ್ಪ, ಸಾದಾ ಕಂಬಗಳು, ಹೂವಿಲ್ಲ, ಬಳ್ಳಿಯಿಲ್ಲ. ಹಳೇಬೀಡು ನೋಡಿ ಬೆಳೆದ ನಮ್ಮ ಹಾಸನದವರ ಕಣ್ಣಿಗೆ ಕೆಲಸ ಅರ್ಧಕ್ಕೇ ಬಿಟ್ಟಂತೆ ಕಾಣಬಹುದು!

ನನಗೆ ನಿಜವಾಗಿ ಹುಚ್ಚು ಹಿಡಿಸಿದ್ದು ಹಿಂಭಾಗದ ಊಟದ ಹಾಲು. ರೆಸಿಡೆಂಟ್ ಆಗಿದ್ದ ಜಾನ್ ಮಾಲ್ಕಂ ಸೇರಿಸಿದ್ದು, ಕಟ್ಟಿದವನು ಥಾಮಸ್ ಡಿ ಹ್ಯಾವಿಲೆಂಡ್ ಅನ್ನುವ ಮಿಲಿಟರಿ ಇಂಜಿನಿಯರ್. ಇಷ್ಟು ದೊಡ್ಡ ಕೋಣೆಗೆ ನಡುವೆ ಒಂದೂ ಕಂಬ ಇಲ್ಲ. ಆ ಕಾಲದಲ್ಲಿ ಇದೇನು ಸಣ್ಣ ಮಾತಲ್ಲ. ಉಕ್ಕಿನ ತೊಲೆ ಇರಲಿಲ್ಲ, ಕಾಂಕ್ರೀಟು ಇರಲಿಲ್ಲ. ಮರದ ತೊಲೆ ಎಷ್ಟು ಉದ್ದ ಸಿಗುತ್ತೋ ಕೋಣೆ ಅಷ್ಟೇ ಅಗಲ, ಆಮೇಲೆ ಕಂಬ ಕೊಡಲೇಬೇಕು. ಇವನಿಗೆ ದೊಡ್ಡ ಅಗಲವನ್ನು ಹಾಗೇ ದಾಟುವ ಹುಚ್ಚು. ಅದಕ್ಕೇ 1808ರಲ್ಲಿ ಶ್ರೀರಂಗಪಟ್ಟಣದಲ್ಲಿ ಇಟ್ಟಿಗೆಯ ಒಂದು ಕಮಾನು ಕಟ್ಟಿ ತೋರಿಸಿದ. ನೂರು ಅಡಿಗೂ ಮೀರಿದ ಅಗಲ, ಎತ್ತರ ತೀರಾ ಕಡಿಮೆ. ಕಮಾನು ಚಪ್ಪಟೆ ಆದಷ್ಟೂ ಎರಡು ಬದಿಗೆ ತಳ್ಳುವ ಶಕ್ತಿ ಜಾಸ್ತಿ, ಕಷ್ಟ ಇರೋದು ಅಲ್ಲೇ. ಅದು ಕಾವೇರಿ ಸೇತುವೆಗೆ ಮಾಡಿದ ಪ್ರಯೋಗ ಅಂತ ಕೆಲವರು, ಈ ಹಾಲಿಗಾಗಿ ಅಂತ ಕೆಲವರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಪ್ರೂಫ್ ಆಫ್ ಕಾನ್ಸೆಪ್ಟು! ಅದು 1937ರವರೆಗೆ ನಿಂತಿತ್ತು. ನಾನು ಬರೆದ ಕೋಡು ಮೂರು ವರ್ಷ ನಿಂತರೆ ದೊಡ್ಡದು.

1809ರ ಮಿಲಿಟರಿ ಅಧಿಕಾರಿಗಳ ದಂಗೆಯಲ್ಲಿ ಸಿಕ್ಕಿಕೊಂಡು ಇವನ ಕೆಲಸವೇ ಹೋಗಿತ್ತು. ಮತ್ತೆ ಸೇರಿಸಿಕೊಂಡರು. ಮದ್ರಾಸಿನ ಸೇಂಟ್ ಆಂಡ್ರೂಸ್ ಚರ್ಚು ಅವನದೇ, 1821ರದ್ದು. ಅಲ್ಲಿನ ಜೌಗು ನೆಲಕ್ಕೆ ಬಾವಿಗಳನ್ನೇ ಪಾಯ ಮಾಡಿದ ಪುಣ್ಯಾತ್ಮ.

ಗವರ್ನಮೆಂಟ್ ಹೌಸ್ ಮೈಸೂರಿನ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿದ್ದರೆ ಉಳಿಯುತ್ತೆ ಅಂತಲೂ ಹೇಳೋಕಾಗಲ್ಲ ಬಿಡಿ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಮನೆ ಅಂದಮೇಲೆ ವರ್ಷವರ್ಷ ಸೋರುವುದನ್ನು ನೋಡುವವರು ಬೇಕು.

ನಮ್ಮ ಮನೆ ಯಾವ ಪಟ್ಟಿಯಲ್ಲೂ ಇಲ್ಲ. ಸಾಹೇಬರ ಮನೆ ಊರಿಗೆಲ್ಲ ಮುಖ ತೋರಿಸಿಕೊಂಡು ನಿಂತಿದ್ದರೆ, ನಮ್ಮದು ರಸ್ತೆಗೆ ಒಂದು ಜಗಲಿ, ಒಂದು ಬಾಗಿಲು ಅಷ್ಟೇ ಕೊಟ್ಟು, ಮಿಕ್ಕಿದ್ದನ್ನೆಲ್ಲ ಒಳಗೆ ತೊಟ್ಟಿಯ ಸುತ್ತ ಇಟ್ಟುಕೊಂಡಿದೆ. ಮಳೆ ಮನೆಯೊಳಗೇ ಬೀಳುತ್ತೆ. ಬಾಣಂತಿ ಕೋಣೆಯಿಂದ ಅಡಿಗೆಮನೆಗೆ ಹೋಗಬೇಕಾದರೂ ಎಲ್ಲರ ಕಣ್ಣೆದುರೇ ಹೋಗಬೇಕು. ಅಮ್ಮ, ದೊಡ್ಡಮ್ಮ ಇಬ್ಬರಿಗೂ ಆ ಮನೆ ಮೇಲೆ ಅಂಥ ಪ್ರೀತಿ ಏನಿಲ್ಲ. ಅಟ್ಟದ ಹೊಗೆ, ಇಲಿ, ಪ್ರತಿ ಮಳೆಗಾಲಕ್ಕೂ ಹೆಂಚು ಕೈಯಾಡಿಸುವ ಕೆಲಸ, ಎಲ್ಲಾ ಅವರೇ ಅನುಭವಿಸಿದ್ದು. ಬೆಂಗಳೂರಲ್ಲಿ ಕೂತು "ಅಯ್ಯೋ ಹೆರಿಟೇಜು" ಅನ್ನೋದು ನನಗೆ ಸುಲಭ. ಅದಕ್ಕೇ ನಾನೂ ಆಯ್ತು ಅಂದೆ. ಹೇಳಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ದೀಪಾವಳಿ ಕಳೆದ ಮೇಲೆ ಕೆಡವುತ್ತಾರಂತೆ. ಹಜಾರದ ಎಂಟು ಕಂಬಗಳಿಗೆ ಆಗಲೇ ಗಿರಾಕಿ ಬಂದು ಹೋಗಿದ್ದಾನೆ, ಯಾವುದೋ ರೆಸಾರ್ಟಿಗೆ ಬೇಕಂತೆ. ಹೋದ ಭಾನುವಾರ ಟೇಪು ಹಿಡಿದು ಅಳತೆ ತಗೊಳ್ಳೋಕೆ ಶುರು ಮಾಡಿದ್ದೇನೆ. ಇನ್ನೊಂದು ತುದಿ ಹಿಡಿದವರು ಅಜ್ಜಿ. ತೊಟ್ಟಿ ಹನ್ನೊಂದು ಅಡಿಗೆ ಒಂಬತ್ತು. "ನಿಮ್ಮ ತಾತ ಹತ್ತು ಅಂತಿದ್ರು" ಅಂದರು ಅಜ್ಜಿ. ಇನ್ನೊಂದು ಸಲ ಅಳೆಯಬೇಕು.