ಬಣ್ಣದ ಕೆಳಗಿನ ಮಣ್ಣು

ವಾಳೂಜ್‌ನ ಕಾರ್ಖಾನೆ ಬಡಾವಣೆಗಳಲ್ಲಿ ಹೊಸ ಗೋಡೆಗೆ ಪುಟ್ಟಿ ಬಳಿದು, ಉಜ್ಜಿ, ಪ್ರೈಮರ್ ಹಚ್ಚಿದ ಮೇಲಷ್ಟೇ ಬಣ್ಣ. ಇದೇ ಜಿಲ್ಲೆಯ ಅಜಂತಾದಲ್ಲಿ 5ನೇ ಶತಮಾನದ ಕೆಲಸಗಾರರು ಉಜ್ಜುವ ಗೋಜಿಗೇ ಹೋಗಲಿಲ್ಲ. ಉಳಿಯೇಟಿನ ಬಂಡೆಯನ್ನು ಒರಟಾಗಿಯೇ ಬಿಟ್ಟರು. ಮಣ್ಣು ಕಚ್ಚಿ ಕೂರಬೇಕಲ್ಲ! ಅದರ ಮೇಲೆ ಭತ್ತದ ಹೊಟ್ಟು, ಹುಲ್ಲು, ನಾರು ಕಲಸಿದ ಮಣ್ಣಿನ ಗಿಲಾವು, ಆಮೇಲೆ ತೆಳುವಾಗಿ ಸುಣ್ಣ. ಅದು ಒಣಗಿದ ಬಳಿಕ ಅಂಟು ಬೆರೆಸಿದ ಬಣ್ಣ. ಹಸಿ ಸುಣ್ಣದ ಮೇಲೆ ಬರೆಯುವ ಫ್ರೆಸ್ಕೋ ಇದಲ್ಲ, ಪ್ರವಾಸಿ ಕೈಪಿಡಿಗಳು ಎಷ್ಟೇ ಹಾಗೆ ಕರೆದರೂ.

ಹೊಟ್ಟು, ನಾರು ಮಣ್ಣು ಬಿರಿಯದಂತೆ ಹಿಡಿದವು. ಹುಳುಗಳಿಗೆ ಊಟವಾದದ್ದೂ ಅವೇ. ಕೀಟಗಳು ಗಿಲಾವು ತಿಂದಲ್ಲೆಲ್ಲ ಮೇಲಿನ ಚಿತ್ರ ಉದುರಿತು.

ಎಲ್ಲೋರದ ಗಿಲಾವಿನ ಕಥೆ ಬೇರೆ. ಎಂ. ಸಿಂಗ್ ಮತ್ತು ಎಂ. ಎಂ. ಸರದೇಸಾಯಿ 2016ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಂತೆ, ಅಲ್ಲಿನ ಮಣ್ಣಿನಲ್ಲಿ ಗಾಂಜಾ ಗಿಡದ ನಾರಿತ್ತು. ಹುಳುವಿನ ಕಾಟ ಇಲ್ಲದಿರುವುದಕ್ಕೆ ಅದೇ ಕಾರಣವೆಂದು ಅವರ ವಾದ. ಎಲ್ಲ ಹಿರಿಮೆಯನ್ನೂ ಗಾಂಜಾಕ್ಕೇ ಕೊಡುವುದು ಅವಸರವಾದೀತು: ಅಜಂತಾ ಇರುವುದು ವಾಘೋರಾ ನದಿಯ ಕಣಿವೆಯಲ್ಲಿ, ತೇವಕ್ಕೂ ಪಾಲಿದೆ.

ಕೆಳಗಿನ ಮಣ್ಣು ಸಡಿಲಗೊಂಡಾಗ ಮೇಲಿನಿಂದ ಉಪಚಾರ ಶುರುವಾಯಿತು. ನಿಜಾಮ್ ಸರ್ಕಾರ 1920ರಲ್ಲಿ ಇಟಲಿಯಿಂದ ಲೊರೆಂಜೊ ಚೆಕ್ಕೋನಿ ಮತ್ತು ಒರ್ಸಿನಿ ಅವರನ್ನು ಕರೆಸಿತು. ಅವರು ಬಿಟ್ಟುಕೊಂಡ ಪದರಗಳನ್ನು ಅಂಟಿಸಿ, ಚಿತ್ರಗಳ ಮೇಲೆ ಅರಗಿನ ಮೆರುಗು ಹಚ್ಚಿದರು. ಬಣ್ಣಗಳು ಆಗ ಹೊಳೆದವು. ಆದರೆ ಅರಗು ಕಾಲ ಕಳೆದಂತೆ ಹಳದಿಗಟ್ಟಿತು, ಧೂಳು ಹಿಡಿಯಿತು. ಪುರಾತತ್ವ ಸರ್ವೇಕ್ಷಣೆಯ ರಸಾಯನ ತಜ್ಞರು ಆಮೇಲೆ ವರ್ಷಗಟ್ಟಲೆ ಮಾಡಿದ್ದು ಆ ಮೆರುಗನ್ನು ಅಂಗುಲ ಅಂಗುಲವಾಗಿ ಕರಗಿಸಿ ತೆಗೆಯುವ ಕೆಲಸ.