ಜೀವಕೋಶದ ಏತ

ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ನಾಲಗೆ ಬಯಸುವ ಆ ಉಪ್ಪಿನ ಸೋಡಿಯಂ ಅಂಶವನ್ನು ನಮ್ಮ ಜೀವಕೋಶಗಳು ತಮ್ಮೊಳಗೆ ಹೆಚ್ಚು ಇರಗೊಡುವುದಿಲ್ಲ. ಕೋಶದ ಹೊರಗಿನ ದ್ರವದಲ್ಲಿ ಸೋಡಿಯಂ ಒಳಗಿನದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಪೊಟ್ಯಾಸಿಯಂ ಆದರೋ ಒಳಗೇ ಸುಮಾರು ಮೂವತ್ತು ಪಟ್ಟು ಹೆಚ್ಚು. ಈ ಅಂತರ ಅಳಿದರೆ ನರದಲ್ಲಿ ಸಂದೇಶ ಹರಿಯದು, ಹೃದಯ ಮಿಡಿಯದು. ಇದನ್ನು ಕಾಯುವ ಯಂತ್ರವೇ ಸೋಡಿಯಂ ಪಂಪು. ನಾವು ಸುಮ್ಮನೆ ಮಲಗಿರುವಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಇದರ ದುಡಿಮೆಗೆ ವ್ಯಯವಾಗುತ್ತದೆ. ಇದರ ಚರಿತ್ರೆಯಲ್ಲಿ ನನಗೆ ಕಂಡ ಸ್ವಾರಸ್ಯವೊಂದುಂಟು: ಮದ್ದು ಮೊದಲು ಬಂತು, ಹೆಸರು ಆಮೇಲೆ ಬಂತು, ವಸ್ತು ಕೈಗೆ ಸಿಕ್ಕಿದ್ದು ಅದಕ್ಕೂ ತರುವಾಯ.

ಇಂಗ್ಲೆಂಡಿನ ಶ್ರಾಪ್‌ಷೈರ್ ಸೀಮೆಯಲ್ಲಿ ಒಬ್ಬ ಮುದುಕಿ ಗುಟ್ಟಾಗಿ ಇರಿಸಿಕೊಂಡಿದ್ದ ನಾಟಿ ಮದ್ದೊಂದಿತ್ತು. ಮೈ ಬಾತು ನೀರು ತುಂಬಿದವರಿಗೆ ಅದು ಗುಣ ಕೊಡುತ್ತಿತ್ತು. ಆ ಮದ್ದಿನ ಹಲವು ಮೂಲಿಕೆಗಳಲ್ಲಿ ಕೆಲಸ ಮಾಡುವುದು ಫಾಕ್ಸ್‌ಗ್ಲವ್ ಎಂಬ ಗಿಡವೇ ಎಂದು ವೈದ್ಯ ವಿಲಿಯಂ ವಿದರಿಂಗ್ ಗುರುತಿಸಿ, 1785ರಲ್ಲಿ ಗ್ರಂಥವನ್ನೇ ಬರೆದರು. ನಮ್ಮ ಹಿತ್ತಿಲ ಕಣಗಿಲೆಯ ವಿಷವೂ ಇದೇ ಜಾತಿಗೆ ಸೇರಿದ್ದು. ಅಳತೆಯಲ್ಲಿದ್ದರೆ ದಣಿದ ಹೃದಯಕ್ಕೆ ಬಲ, ಅಳತೆ ಮೀರಿದರೆ ಸಾವು: ಫಾಕ್ಸ್‌ಗ್ಲವ್‌ನ ಈ ಇಬ್ಬಗೆಯ ಗುಣ ಏಕೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಕೋಶದ ಪೊರೆ ಸೋಡಿಯಮ್ಮನ್ನು ಒಳಗೆ ಬಿಡುವುದೇ ಇಲ್ಲವೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. 1940ರ ಸುಮಾರಿಗೆ ವಿಕಿರಣಶೀಲ ಸೋಡಿಯಂ ಬಳಸಿ ಪ್ರಯೋಗ ನಡೆಸಿದ ಲಿಯಾನ್ ಹೆಪ್ಪೆಲ್, ಅದು ಇಲಿಗಳ ಸ್ನಾಯುವಿನೊಳಗೆ ಸರಾಗವಾಗಿ ನುಗ್ಗುವುದನ್ನು ತೋರಿಸಿದರು. ನುಗ್ಗಿದ್ದು ತುಂಬಿಕೊಳ್ಳುತ್ತಿಲ್ಲವೆಂದರೆ ಅದನ್ನು ಎತ್ತಿ ಹೊರಹಾಕುವ ಪಂಪೊಂದು ಇರಲೇಬೇಕೆಂದು 1941ರಲ್ಲಿ ರಾಬರ್ಟ್ ಡೀನ್ ತರ್ಕಿಸಿದರು. ಬಾವಿಯ ನೀರು ತಾನಾಗಿ ಮೇಲೇರದು, ಏತ ಬೇಕು ಎಂದ ಹಾಗೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಷಾಟ್ಸ್‌ಮನ್, ಫಾಕ್ಸ್‌ಗ್ಲವ್ ಜಾತಿಯ ವಿಷಗಳು ಕೆಂಪು ರಕ್ತಕಣಗಳಲ್ಲಿ ಈ ಏತವನ್ನೇ ನಿಲ್ಲಿಸುತ್ತವೆಂದು ಕಂಡುಹಿಡಿದರು. ಮದ್ದಿಗೂ ಏತಕ್ಕೂ ನಂಟು ಕೂಡಿತು. ಆದರೆ ಏತವನ್ನು ಕಂಡವರಿರಲಿಲ್ಲ.

ಅದನ್ನು ಕಂಡವರು ಅದನ್ನು ಹುಡುಕಿ ಹೊರಟವರಲ್ಲ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾನಿಲಯದ ಯೆನ್ಸ್ ಸ್ಕೌ ಅವರಿಗೆ, ಅರಿವಳಿಕೆ ಮದ್ದು ನರವನ್ನು ಹೇಗೆ ಮರಗಟ್ಟಿಸುತ್ತದೆಂಬುದು ತಿಳಿಯಬೇಕಿತ್ತು. ಅದಕ್ಕಾಗಿ ಅವರು ಏಡಿಯ ಕಾಲಿನ ನರಗಳನ್ನು ಅರೆದು ಪರೀಕ್ಷಿಸಿದರು. ಕೋಶಕ್ಕೆ ಶಕ್ತಿಯೊದಗಿಸುವ ಎಟಿಪಿಯನ್ನು ಒಡೆಯುವ ಕಿಣ್ವವೊಂದು ಅಲ್ಲಿತ್ತು. ಸೋಡಿಯಂ, ಪೊಟ್ಯಾಸಿಯಂ ಎರಡೂ ಇದ್ದಾಗಲೇ ಅದು ಚುರುಕಾಗುತ್ತಿತ್ತು. 1957ರ ಅವರ ಪ್ರಬಂಧದ ತಲೆಬರಹದಲ್ಲಿ ಪಂಪಿನ ಸುಳಿವೇ ಇಲ್ಲ. ಮರುವರ್ಷ ವಿಯೆನ್ನಾದಲ್ಲಿ ಅವರು ಅಮೆರಿಕದ ರಾಬರ್ಟ್ ಪೋಸ್ಟ್ ಅವರನ್ನು ಭೇಟಿಯಾದರು. ಆಫ್ರಿಕದಲ್ಲಿ ಬಾಣದ ತುದಿಗೆ ಸವರುತ್ತಿದ್ದ ವೊಬೇನ್ ಎಂಬ ವಿಷದ ಗುಣವನ್ನು ಪೋಸ್ಟ್ ತಿಳಿಸಿದರು. ಸ್ಕೌ ಊರಿಗೆ ದೂರವಾಣಿ ಮಾಡಿ ಆ ವಿಷವನ್ನು ಪರೀಕ್ಷಿಸಹೇಳಿದರು. ಏಡಿಯ ಕಿಣ್ವ ಸ್ತಬ್ಧವಾಯಿತು. ಇದಕ್ಕೆ ನೊಬೆಲ್ ಪುರಸ್ಕಾರ ಸಂದದ್ದು 1997ರಲ್ಲಿ. ಆಗ ಸ್ಕೌ ಅವರಿಗೆ 79 ವರ್ಷ.

ಏತದ ಆಕಾರ ಕಣ್ಣಿಗೆ ಬೀಳಲು ಇನ್ನೂ ಹತ್ತು ವರ್ಷ ಹಿಡಿಯಿತು. 2007ರಲ್ಲಿ ಅದೇ ಆರ್ಹುಸಿನಲ್ಲಿ ಹಂದಿಯ ಮೂತ್ರಪಿಂಡದ ಪಂಪನ್ನು ಹರಳುಗಟ್ಟಿಸಿ ಅದರ ರಚನೆಯನ್ನು ಬಿಡಿಸಿದರು. ಮಾನವನ ಪಂಪಿನ ರಚನೆಯೇ 2022ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಗೋಚರವಾಯಿತು. ಆಲ್ಫಾ ಎಂಬ ದೊಡ್ಡ ಪ್ರೋಟೀನು ಪೊರೆಯನ್ನು ಹತ್ತು ಸಲ ಹೊಲಿದಂತೆ ಹಾಯ್ದು ಹೋಗುತ್ತದೆ. ಅದು ಒಮ್ಮೆ ಒಳಮುಖವಾಗಿ, ಒಮ್ಮೆ ಹೊರಮುಖವಾಗಿ ಬಾಯ್ದೆರೆದು, ಒಂದು ಎಟಿಪಿಯ ವೆಚ್ಚದಲ್ಲಿ ಮೂರು ಸೋಡಿಯಂ ಹೊರಗೆ ಕಳುಹಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ.

ಆದರೆ ಆಲ್ಫಾ ಒಂಟಿಯಾಗಿ ದುಡಿಯಲಾರದು. ಅದನ್ನು ಪೊರೆಯವರೆಗೆ ಕೈಹಿಡಿದು ತಲುಪಿಸಲು ಬೀಟಾ ಎಂಬ ಜೊತೆಗಾರ ಬೇಕು. ಆಂಕಿರಿನ್ ಎಂಬ ಪ್ರೋಟೀನು ಅದನ್ನು ಕೋಶದ ಹಂದರಕ್ಕೆ ಕಟ್ಟಿ ನಿಲ್ಲಿಸುತ್ತದೆ. ಮೂರನೆಯದಾದ ಗಾಮಾ ತೀರ ಪುಟ್ಟದು. ಮೂತ್ರಪಿಂಡದಲ್ಲಿ ಪಂಪಿನ ವೇಗವನ್ನು ಹದಗೊಳಿಸುವುದು ಅದರ ಪಾಲಿನ ಕೆಲಸ. ಪುಟ್ಟದೆಂದು ಕಡೆಗಣಿಸುವಂತಿಲ್ಲ. ಇದರ ಒಂದೇ ಒಂದು ಅಮೈನೋ ಆಮ್ಲ ಬದಲಾದವರಲ್ಲಿ ಮೆಗ್ನೀಸಿಯಂ ಮೂತ್ರದೊಡನೆ ಸೋರಿಹೋಗುವುದು 2000ದಲ್ಲಿ ತಿಳಿದುಬಂತು.

ಆಲ್ಫಾದಲ್ಲೇ ನಾಲ್ಕು ಬಗೆಗಳುಂಟು. ನರಕೋಶಗಳಲ್ಲಿರುವ ಮೂರನೆಯ ಬಗೆಯಲ್ಲಿ ದೋಷವಿದ್ದರೆ, ಮೈಯ ಒಂದು ಪಕ್ಕ ಆಗಾಗ ಸ್ವಾಧೀನ ತಪ್ಪುವ ಅಪರೂಪದ ಬೇನೆ ಎಳೆಯ ಮಕ್ಕಳಿಗೆ ಬರುತ್ತದೆ. ಇದು ಗೊತ್ತಾದದ್ದು 2012ರಲ್ಲಿ. ದೋಷ ಎಲ್ಲಿದೆಯೆಂದು ಇಂದು ರಚನೆಯ ಚಿತ್ರದ ಮೇಲೆ ಬೆರಳಿಟ್ಟು ತೋರಿಸಬಹುದು. ಆದರೂ ಆ ಬೇನೆಯನ್ನು ಬುಡಸಹಿತ ಕೀಳುವ ಮದ್ದು ಇನ್ನೂ ಇಲ್ಲ.

ವಿದರಿಂಗರ ಕೈಯಲ್ಲಿ ಮದ್ದಿತ್ತು, ಅದರ ಮರ್ಮ ತಿಳಿಯಲು 168 ವರ್ಷ ಬೇಕಾಯಿತು. ನಮಗಿಂದು ಮರ್ಮ ತಿಳಿದಿದೆ, ಮದ್ದು ಬರಬೇಕಾಗಿದೆ. ಅಷ್ಟು ದೀರ್ಘಕಾಲ ಆ ಮಕ್ಕಳು ಕಾಯುವಂತಾಗದಿರಲಿ ಎಂಬುದಷ್ಟೇ ನನ್ನ ಹಾರೈಕೆ.